ಎಪ್ಪತ್ತರ ದಶಕದ ಕೊನೆಯ ಕಂತು

ಗಿರಿಜಕ್ಕ, ನೀವು ಅಡುಗೆ ಮಾಡುತ್ತಾ ಫೋನಿನಲ್ಲಿ ಹಾಕಿಕೊಂಡು ಕೇಳುವ, ನಮ್ಮ ಚಾನೆಲ್‌ನ ಆ ಕೊನೆಯ ಕಂತಿನಲ್ಲಿ ಮಾತಾಡಿರುವುದು ನಿಮ್ಮ ತಮ್ಮ ಲೋಕೇಶ ಅಲ್ಲ. ಅದು ಕಂಪ್ಯೂಟರಿನಲ್ಲಿ ಹುಟ್ಟಿದ ದನಿ. ಹುಟ್ಟಿಸಿದವನು ನಾನು — ಅವನು ತೀರಿಕೊಂಡ ಮೇಲೆ.

ನಮ್ಮ ಹುಚ್ಚು ನಿಮಗೆ ಗೊತ್ತು. 'ಆ ಅರಚಾಟ' ಎನ್ನುತ್ತಿದ್ದಿರಿ. ಭಾನುವಾರ ಬಂತೆಂದರೆ ಅವನು ಗುಬ್ಬಿಯ ಪಂಪ್‌ಸೆಟ್ ಅಂಗಡಿಗೆ ರಜೆ ಹಾಕಿ, ಬೈಕಿನಲ್ಲಿ ತುಮಕೂರಿನ ಸದಾಶಿವನಗರಕ್ಕೆ, ನಮ್ಮ ಮನೆಗೆ ಬರುತ್ತಿದ್ದ. ಪ್ರತಿ ಸಲ ಒಂದು ಹಳೆಯ ರಾಕ್ ಬ್ಯಾಂಡು ಎಪ್ಪತ್ತರ ದಶಕದ ಶುರುವಿನಲ್ಲಿ ಮಾಡಿದ ಆಲ್ಬಂ, ಅದೇ ಬ್ಯಾಂಡು ದಶಕ ಮುಗಿಯುವ ಹೊತ್ತಿಗೆ ಮಾಡಿದ ಆಲ್ಬಂ — ಎರಡನ್ನೂ ಎದುರುಬದುರು ಇಟ್ಟುಕೊಂಡು ಜಗಳವಾಡಿ, ಅದನ್ನೇ ರೆಕಾರ್ಡ್ ಮಾಡಿ ನಮ್ಮ ಚಾನೆಲ್‌ಗೆ ಹಾಕುತ್ತಿದ್ದೆವು.

ಅವನು ಯಾವಾಗಲೂ ಮೊದಲರ್ಧದ ಕಡೆ. "ಅವಾಗ ನಾಲ್ಕು ಜನ ಒಂದೇ ರೂಮಲ್ಲಿ ಮುಖ ನೋಡ್ಕಂಡು ಬಾರಿಸ್ತಿದ್ರು ಕಣೋ. ಡ್ರಮ್ಮಿನವನು ತಪ್ಪಿದ್ರೆ ಗಿಟಾರಿನವನು ನಗೋದು ಗೊತ್ತಾಗತ್ತೆ. ಆಮೇಲಿಂದು ಬರೀ ಹೊಲಿಗೆ" ಎನ್ನುತ್ತಿದ್ದ. ನನಗೆ ಆ ಹೊಲಿಗೆಯೇ ಇಷ್ಟ. ಒಂದೊಂದು ವಾದ್ಯವನ್ನೂ ಬೇರೆಬೇರೆ ನುಡಿಸಿ, ತಿದ್ದಿ, ತೀಡಿ, ಒಂದು ದೊಡ್ಡ ಕಟ್ಟಡದ ಹಾಗೆ ಎಬ್ಬಿಸಿದ ಆ ಕೊನೆಯ ವರ್ಷಗಳ ಆಲ್ಬಂಗಳು. ಪ್ರತಿ ಕಂತಿಗೂ ಯಾರು ಗೆದ್ದರೆಂದು ಕೇಳುಗರು ವೋಟು ಹಾಕುತ್ತಿದ್ದರು; ಅಲ್ಲಿಯವರೆಗೆ ಇಬ್ಬರೂ ಸಮಸಮ ಗೆದ್ದಿದ್ದೆವು. ಉಳಿದದ್ದು ಒಂದೇ ಬ್ಯಾಂಡು. "ಕೊನೇದ್ರಲ್ಲಿ ಒಂದ್ ಮಾತು ಹೇಳ್ತೀನಿ, ನಿಂಗೆ ಶಾಕ್ ಆಗತ್ತೆ" ಎಂದಿದ್ದ.

ಅದನ್ನು ಹೇಳುವ ಮೊದಲೇ, ಗುಬ್ಬಿಯ ರೂಮಿನಲ್ಲಿ, ಒಬ್ಬನೇ ಇದ್ದಾಗ, ಉಬ್ಬಸ ಹೆಚ್ಚಾಗಿ ಹೋಗಿಬಿಟ್ಟ.

ನಮ್ಮ ಹಳೆಯ ಕಂತುಗಳನ್ನೆಲ್ಲ, ಟೈಪ್ ಮಾಡಿದ್ದನ್ನು ತಾನು ಕೇಳಿದ ದನಿಯಲ್ಲೇ ಆಡಿ ತೋರಿಸುವ ಒಂದು ಸಾಫ್ಟ್‌ವೇರಿಗೆ ಉಣಿಸಿದೆ. ಅವನ ದನಿ ಮತ್ತೊಮ್ಮೆ ಕೇಳಬೇಕು ಅಂತ — ಶುರುವಿನಲ್ಲಿ ಅಷ್ಟೇ, ನಿಜ. ನನ್ನ ಹೆಸರು ಟೈಪ್ ಮಾಡಿದೆ. ಕರೆದ. ನಡುಮಧ್ಯಾಹ್ನ, ಹೊರಗೆ ಬಿಸಿಲು, ಬೀದಿಯಲ್ಲಿ ಸೊಪ್ಪಿನವಳ ಕೂಗು; ನಾನು ತಿರುಗಿ ಬಾಗಿಲ ಕಡೆ ನೋಡಿದೆ. ಆಮೇಲೆ — ಯಾಕೆ ಬರೆದೆನೋ — "ಆಯ್ತು ಬುಡು, ನೀನೇ ಗೆದ್ದೆ" ಎಂದು ಬರೆದೆ. ಅವನು ಹೇಳಿದ. ಹೇಳಿ ಕಿಸಕ್ಕನೆ ನಕ್ಕ. ನಾನು ನಗು ಬರೆದಿರಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ. ಪೂರ್ತಿ ಕಂತು ಮಾಡಿದೆ. ಅವನ ಬಾಯಲ್ಲಿ ನನ್ನ ಅಭಿಪ್ರಾಯ ಹೇಳಿಸಿದೆ, ಅವನನ್ನು ಸೋಲಿಸಿದೆ, 'ಗೆಳೆಯನ ಕೊನೆಯ ಮಾತು' ಎಂದು ಹಾಕಿದೆ. ಜನ ಅತ್ತರು.

ಅವನ ವರ್ಷದ ಕಾರ್ಯಕ್ಕೆ ಕುಣಿಗಲ್ಲಿಗೆ, ನಿಮ್ಮ ಮನೆಗೆ ಬಂದಾಗ ನೀವು ಒಗ್ಗರಣೆ ಹಾಕುತ್ತಾ ಅದನ್ನೇ ಕೇಳುತ್ತಿದ್ದಿರಿ. ಅವನು "ಅಲ್ವಾ?" ಅಂದಾಗಲೆಲ್ಲ ಒಲೆಯ ಕಡೆ ನೋಡಿಕೊಂಡೇ "ಹೂಂ ಕಣಪ್ಪ" ಎನ್ನುತ್ತಿದ್ದಿರಿ. ಅವನು ಸರಿಯಾಗಿ ಅಷ್ಟೇ ಹೊತ್ತು ಕಾದು ಮುಂದಿನ ಮಾತು ಆಡುತ್ತಿದ್ದ. ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ನನ್ನನ್ನು ನೋಡಿ, "ಬಾ, ಕೇಳಿಲ್ಲಿ. ಬೇರೆದ್ರಲ್ಲೆಲ್ಲ ಮಾತಿನ ಮಧ್ಯ ಗೊರಗೊರ ಅಂತಾನೆ. ಇದ್ರಲ್ಲಿ ಉಸಿರು ಎಳ್ಕಳೋದೇ ಕೇಳಲ್ಲ. ಆರಾಮಾಗಿದ್ದ ಅಲ್ವೇನೋ? ಯಾವತ್ತು ಮಾಡಿದ್ದು ಇದು?" ಎಂದಿರಿ.

ಆ ಕ್ಷಣ ಹೇಳಬೇಕಿತ್ತು. "ಹೋಗೋಕೆ ಎರಡು ದಿನ ಮುಂಚೆ ಅಕ್ಕ" ಎಂದೆ.

ನೀವು ಸೆರಗಿನಿಂದ ಮುಖ ಒರೆಸಿಕೊಂಡು, "ಸದ್ಯ, ನನ್ ತಮ್ಮ ನರಳಲಿಲ್ಲ" ಎಂದು ನನಗೆ ಊಟ ಬಡಿಸಿದಿರಿ. ನಾನು ಉಂಡೆ.

ಈಗ ಅವನನ್ನು ನೆನೆಸಿಕೊಂಡರೆ ಉಸಿರಿಲ್ಲದ ಆ ದನಿಯೇ ಬರುತ್ತದೆ. ಹಳೆಯ ಕಂತು ಹಾಕಿದರೆ ಯಾರೋ ಬೇರೆಯವನು ಮಾತಾಡಿದ ಹಾಗೆ ಕೇಳಿಸುತ್ತದೆ. ಅವನು ನನಗೆ ಹೇಳಬೇಕೆಂದಿದ್ದ ಮಾತು ಏನೋ, ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ಆ ಜಾಗದಲ್ಲಿ ನನ್ನ ಮಾತು ತುಂಬಿಬಿಟ್ಟಿದ್ದೇನೆ.

ಇನ್ನೊಂದಿದೆ ಅಕ್ಕ, ಇಷ್ಟೆಲ್ಲ ಬರೆದದ್ದು ಇದಕ್ಕೇ. ಹೋಗುವುದಕ್ಕೆ ಎರಡು ದಿನ ಮುಂಚೆ ಅವನು ಫೋನ್ ಮಾಡಿದ್ದು ನಿಜ. ಒಂದೊಂದು ಪದಕ್ಕೂ ನಿಲ್ಲುತ್ತಿದ್ದ. "ದಮ್ಮು ಜಾಸ್ತಿ ಆಗದೆ ಕಣೋ... ಈ ಭಾನುವಾರ ಬುಡು" ಎಂದ. ಆಸ್ಪತ್ರೆಗೆ ಹೋದೆಯಾ ಎಂದು ನಾನು ಕೇಳಲಿಲ್ಲ. ನಿಮಗೂ ಹೇಳಲಿಲ್ಲ. "ಸೋಲ್ತೀಯ ಅಂತ ನೆಪ ತೆಗೀತಿದೀಯ" ಎಂದು ಫೋನ್ ಇಟ್ಟೆ.

ಅವನು ನರಳಿದ, ಅಕ್ಕ.

ಕಂತನ್ನು ನಾನಾಗಿ ಅಳಿಸಿಲ್ಲ. ಒಂದು ದಿನ ಅದು ಇದ್ದಕ್ಕಿದ್ದಂತೆ ಇಲ್ಲವಾದರೆ ನೀವು ಅವನನ್ನು ಇನ್ನೊಮ್ಮೆ ಕಳೆದುಕೊಂಡ ಹಾಗೆ. ಇದನ್ನು ಓದಿದ ಮೇಲೆ ಇಡು ಎಂದರೆ ಇಡುತ್ತೇನೆ, ತೆಗೆ ಎಂದರೆ ತೆಗೆಯುತ್ತೇನೆ. ಮಾಡಿದ್ದೇನೆಂದು ಕೇಳುಗರಿಗಂತೂ ನನ್ನ ದನಿಯಲ್ಲೇ ಹೇಳುತ್ತೇನೆ. ನಾಳೆ ಬೆಳಗಿನ ಬಸ್ಸಿಗೆ ಕುಣಿಗಲ್ಲಿಗೆ ಬರುತ್ತಿದ್ದೇನೆ. ಬಾಗಿಲು ತೆಗೆಯಲೇಬೇಕೆಂದಿಲ್ಲ.