ಗಿರಿಜಕ್ಕೋರ ಸಮುದ್ರ

ನಮ್ಮೂರ ಗ್ರಂಥಾಲಯವನ್ನು ತಾಲೂಕಿನಿಂದ ಬಂದ ಸಾಹೇಬರು ಮುಚ್ಚಿಸಿದರು, ಅದನ್ನು ನೋಡಿಕೊಳ್ಳುತ್ತಿದ್ದ ಗಿರಿಜಕ್ಕೋರು ಪಾಪ ಕೈಮುಗಿದು ಬೇಡಿಕೊಂಡರೂ ಕೇಳಲಿಲ್ಲ ಎಂದು ಊರಲ್ಲಿ ಎಲ್ಲರೂ ಹೇಳುತ್ತಾರೆ. ಕಥೆ ಚೆನ್ನಾಗಿದೆ. ಅದರಲ್ಲಿ ಕೆಟ್ಟವನೊಬ್ಬನಿದ್ದಾನೆ, ಒಳ್ಳೆಯವಳೊಬ್ಬಳಿದ್ದಾಳೆ, ಕಣ್ಣೀರೂ ಇದೆ. ಆದರೆ ಗಿರಿಜಕ್ಕೋರು ಅಂದು ಕೈಮುಗಿಯಲಿಲ್ಲ, ಅಳಲೂ ಇಲ್ಲ. ಸಾಹೇಬರು ಮುಚ್ಚಿಸುವ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದರು. ನಾನು ಅಲ್ಲೇ ಇದ್ದೆ.

ಹಾಗೆ ನೋಡಿದರೆ, "ಎಲ್ಲರೂ ಹೇಳುತ್ತಾರೆ" ಎಂಬ ಮಾತನ್ನು ಅವರ ಮುಂದೆ ಆಡುವ ಹಾಗೇ ಇರಲಿಲ್ಲ. ಕನ್ನಡಕವನ್ನು ಹಣೆಗೇರಿಸಿ, "ಎಲ್ಲಾರು ಅಂದ್ರ ಯಾರ? ಒಂದ ಹೆಸರು ಹೇಳು, ನಾನೂ ಹೋಗಿ ಕೇಳ್ಕೊಂಡ ಬರ್ತೀನಿ" ಎನ್ನುತ್ತಿದ್ದರು. ಹೆಸರು ಹೇಳಲಾಗದೆ ನಾನು ಒದ್ದಾಡುತ್ತಿದ್ದರೆ, ಎರಡು ಪುಸ್ತಕಗಳನ್ನು ತಾಳದಂತೆ ಒಂದಕ್ಕೊಂದು ಬಡಿದು ಧೂಳು ಕೊಡವುತ್ತಿದ್ದರು. ಆ ಸದ್ದಿಗೆ ನನ್ನ ಅರ್ಧ ವಾದ ಅಲ್ಲೇ ಉದುರಿ ಹೋಗುತ್ತಿತ್ತು.

ಐವತ್ತು ದಾಟಿದ ಎತ್ತರದ ಹೆಂಗಸು. ಕುರ್ಚಿಯಿದ್ದರೂ ಹೊಸ್ತಿಲ ಮೇಲೆ ಕೂರುತ್ತಿದ್ದರು. ಕುರ್ಚಿಗಳೆರಡು ನನಗೇ ಮೀಸಲು. ಚರ್ಚಾಸ್ಪರ್ಧೆಗೆ ತಯಾರಾಗಲು ಹೋದಾಗ ಒಂದರಲ್ಲಿ ಕುಳಿತು ಪರ ಮಾತಾಡಬೇಕು, ಮುಗಿದ ಕೂಡಲೇ "ಏಳ್ರಿ ವಕೀಲ್ರ, ಈಗ ಆ ಕಡೆ" ಎನ್ನುವರು. ಎದುರಿನ ಕುರ್ಚಿಗೆ ಹೋಗಿ ನನ್ನ ಮಾತನ್ನು ನಾನೇ ಸೋಲಿಸಬೇಕು. ನರಗುಂದದಲ್ಲಿ ನನಗೆ ಮೊದಲ ಕಪ್ ಬಂದಾಗ ಹೆಮ್ಮೆಯಿಂದ ತಂದು ತೋರಿಸಿದೆ. ತಿರುಗಿಸಿ ಮುರುಗಿಸಿ ನೋಡಿ, "ಚಲೋ ಆತು. ಸೋತ ಹುಡುಗಿ ಏನ್ ಹೇಳಿದ್ಲು, ಅದನ್ನ ಹೇಳು" ಅಂದರು. ನನಗೆ ನೆನಪಿರಲಿಲ್ಲ. ಕಪ್ಪನ್ನು ನನ್ನ ಕೈಗೆ ವಾಪಸ್ ಕೊಟ್ಟುಬಿಟ್ಟರು.

ಗ್ರಂಥಾಲಯ ಹೊಳೆಯ ಕಡೆಯ ಓಣಿಯಲ್ಲಿತ್ತು. ಹಿಂದಿನ ಮಳೆಗಾಲದಲ್ಲಿ ಮಲಪ್ರಭೆ ಊರೊಳಗೆ ಬಂದಾಗ ಕೋಣೆಯ ಕಿಟಕಿಯವರೆಗೂ ನೀರು ನಿಂತಿತ್ತು. ನೀರು ಇಳಿದ ಮೇಲೆ ಹಳೆಯ ಪುಸ್ತಕಗಳು ಹೋಗಿ ಹೊಸವು ಬಂದವು, ಆದರೆ ಮಕ್ಕಳು ಬರಲಿಲ್ಲ. ಬಹಳ ಮನೆಗಳವರು ನೆರೆ ಕಂಡವರಿಗೆಂದು ಎತ್ತರದಲ್ಲಿ ಕೊಟ್ಟ ಮೇಲಿನ ಪ್ಲಾಟಿಗೆ ಹೋಗಿದ್ದರು. ಅಲ್ಲಿಂದ ಮತ್ತೆ ಹೊಳೆಯ ಕಡೆಗೆ ಮಕ್ಕಳನ್ನು ಕಳಿಸಲು ಯಾವ ತಾಯಿಗೂ ಧೈರ್ಯವಿರಲಿಲ್ಲ. ಅಷ್ಟರಲ್ಲಿ ಸಾಹೇಬರಿಂದ ಮಾತು ಬಂತು. ಮೇ ತಿಂಗಳಲ್ಲಿ ನೋಡಲು ಬರುತ್ತೇವೆ. ಮಕ್ಕಳಿಲ್ಲದಿದ್ದರೆ ಪುಸ್ತಕಗಳನ್ನು ಪಕ್ಕದೂರಿನ ಗ್ರಂಥಾಲಯಕ್ಕೆ ಸೇರಿಸಿ ಇದಕ್ಕೆ ಬೀಗ ಹಾಕುತ್ತೇವೆ.

"ಹುಡುಗೂರು ಬರೂಹಂಗ ಇಲ್ಲೇ ಸಮುದ್ರದ ದಂಡಿ ಮಾಡೂಣು" ಅಂದರು ಗಿರಿಜಕ್ಕೋರು.

ನಾನು ನಕ್ಕೆ. "ನೀರಿಗೆ ಹೆದರಿದ ಹುಡುಗೂರಿಗೆ ಸಮುದ್ರ ತೋರಸ್ತೀರೇನ್ರಿ?"

"ಅದಕ್ಕ ತೋರಸಬೇಕು. ನಮ್ಮ ಹುಡುಗೂರು ನೋಡಿದ ನೀರು ಬರೇ ಒಳಗ ಬರೂ ನೀರು. ಸಮುದ್ರದ ನೀರು ಬರ್ತೈತಿ, ತಾನ ಹಿಂದಕ್ಕ ಹೋಗ್ತೈತಿ. ಹಿಂದಕ್ಕ ಹೋಗೂ ನೀರಿನ ಕೂಡ ಆಡ್ಲಿ."

"ನೀವು ಸಮುದ್ರ ನೋಡೀರೇನ್ರಿ?"

"ಇಲ್ಲ. ನೀ ದಿಲ್ಲಿ ನೋಡಿದ್ಯಾ? ದಿನಾ ದಿಲ್ಲಿ ಬಗ್ಗೆ ವಾದ ಮಾಡ್ತಿ."

ಮೇ ತಿಂಗಳ ಬಿಸಿಲಲ್ಲಿ ಅಂಗಳದಲ್ಲಿ ಸಮುದ್ರ ಮಾಡಿದರೆ ಮಕ್ಕಳು ಹಪ್ಪಳವಾಗುತ್ತಾರೆಂದು ಕೋಣೆಯೊಳಗೇ ಮಾಡುವುದೆಂದಾಯಿತು. ಉಸುಕು ಬೇಕು. ಯಲ್ಲಪ್ಪ ಕಾಕಾನ ಹೊಲದ ತುಂಬ ಹೊಳೆ ತಂದು ಸುರಿದ ಉಸುಕಿತ್ತು. ಅವನು ಅದನ್ನು ತೆಗೆಸಿ ತೆಗೆಸಿ ಸೋತಿದ್ದ. ಅಕ್ಕೋರು ನನ್ನನ್ನೂ ಕರೆದುಕೊಂಡು ಹೊಲಕ್ಕೇ ಹೋದರು.

"ಕಾಕಾ, ಒಂದು ಟ್ರೇಲರ್ ಉಸುಕು ಬೇಕಾಗಿತ್ತು."

"ಮನಿ ಕಟ್ಟಸ್ತೀರೇನ್?"

"ಹುಡುಗೂರು ಆಡಾಕ."

ಯಲ್ಲಪ್ಪ ಕಾಕಾ ಗುದ್ದಲಿ ನೆಲಕ್ಕೆ ಊರಿದ. "ನನ್ನ ಹೊಲಾ ನುಂಗಿದ ಉಸುಕ ಇದು. ಇದರಾಗ ಹುಡುಗೂರ್ನ ಕುಣಸ್ತೀಯೇನ? ಹೊಟ್ಟಿಗೆ ಏನ್ ತಿಂತೀ ನೀನು?"

ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಕ್ಕೋರು ಸರಿಯಲಿಲ್ಲ. "ನಿಮ್ಮ ಪವಿತ್ರಾ ಹೊಸ ಪುಸ್ತಕ ಒಂದೂ ಮುಟ್ಟಿಲ್ಲ ಕಾಕಾ. ಮೊದಲೆಲ್ಲಾ ದಿನಾ ಬರ್ತಿದ್ಲು. ಆಕೀನ್ನ ಹ್ಯಾಂಗ ಕರೀಲಿ, ನೀವ ಹೇಳ್ರಿ."

ಯಲ್ಲಪ್ಪ ಕಾಕಾ ಗುದ್ದಲಿಯಿಂದ ಉಸುಕನ್ನು ಎರಡು ಸಲ ಕೆದರಿದ. ಕೊನೆಗೆ ಅವನು, "ಒಯ್ಯಿ. ಒಂದ್ಯಾಕ, ಹತ್ತ್ ಟ್ರೇಲರ್ ಒಯ್ಯಿ. ಬೆನ್ನಿಗೆ ಬಿದ್ದ ಪೀಡಾ ಹೋಗ್ಲಿ" ಎಂದು ಬೈಯುತ್ತಲೇ ಟ್ರ್ಯಾಕ್ಟರಿನವನಿಗೆ ಫೋನು ಮಾಡಿದ. ಮೊಮ್ಮಗಳನ್ನು ಕಳಿಸುತ್ತೇನೆ ಎಂದು ಮಾತ್ರ ಹೇಳಲಿಲ್ಲ.

ಆಮೇಲೆ ಅಕ್ಕೋರು ಮೇಲಿನ ಪ್ಲಾಟಿನ ಮನೆಮನೆಗೂ ಹೋದರು. "ಹೊಳಿ ಎಲ್ಲೈತಿ, ಬತ್ತಿ ಹೋಗೈತಿ, ನನ್ನ ಜವಾಬ್ದಾರಿ" ಎಂದು ತಾಯಂದಿರ ಮುಂದೆ ಒಂದೇ ಮಾತು. ಶಂಖ ಚಿಪ್ಪು ಎಲ್ಲಿಂದ ತರುವುದು? ಚೌಕಾಬಾರಾ ಆಡುವ ಕವಡೆಗಳನ್ನು ಅದೇ ಮನೆಗಳಿಂದ ಇಸಿದುಕೊಂಡು ಉಸುಕಿನಲ್ಲಿ ಹೂತರು. ಗಜೇಂದ್ರಗಡದ ಪೇಟೆಯಿಂದ ಬಣ್ಣದ ಚೆಂಡು ಬಂದವು. ಸಮುದ್ರದ ದಂಡೆಯಲ್ಲಿ ಏನು ತಿನ್ನುತ್ತಾರೆಂದು ನಾನು ಕೇಳಿದರೆ, "ಗಿರಮಿಟ್ಟು. ನಮ್ಮ ಸಮುದ್ರ, ನಮ್ಮ ಗಿರಮಿಟ್ಟು" ಅಂದರು. ಅಲೆಗೆ ನೀಲಿ ಬಟ್ಟೆ ಬೇಕಿತ್ತು. ನೆರೆಯ ಪರಿಹಾರಕ್ಕೆಂದು ಹಂಚಿದ್ದ ನೀಲಿ ಪ್ಲಾಸ್ಟಿಕ್ಕಿನ ತಾಡಪತ್ರಿ ಊರಿನ ಪ್ರತಿ ದನದ ಕೊಟ್ಟಿಗೆಯ ಮೇಲೂ ಇತ್ತು. ಒಂದನ್ನು ತಂದು ತೊಳೆದೆವು. ಅದರಲ್ಲಿ ಏನಾದರೂ ತಪ್ಪಿದೆಯೆಂದು ನಮಗಿಬ್ಬರಿಗೂ ಹೊಳೆಯಲಿಲ್ಲ.

ಆ ದಿನ ಮಕ್ಕಳು ಬಂದರು. ನಾನು ನಿರೀಕ್ಷಿಸಿದ್ದಕ್ಕಿಂತ ಹೆಚ್ಚೇ ಬಂದರು. ಪವಿತ್ರಾ ಕೂಡ ಬಂದಳು, ಯಲ್ಲಪ್ಪ ಕಾಕಾ ಬಾಗಿಲಲ್ಲೇ ನಿಂತ. ಮಕ್ಕಳು ಉಸುಕು ತೋಡಿ ಕವಡೆ ಹುಡುಕಿದರು, ಕಿತ್ತಾಡಿದರು, ಗುಬ್ಬಿ ಮನೆ ಕಟ್ಟಿದರು. ಅಕ್ಕೋರು ಬಾಗಿಲ ಕಡೆಗೇ ನೋಡುತ್ತಿದ್ದರು. ಸಾಹೇಬರ ಜೀಪಿನ ಸದ್ದು ಓಣಿಯ ತುದಿಯಲ್ಲಿ ಕೇಳಿದ ಕೂಡಲೇ ನನಗೆ ಸನ್ನೆ ಮಾಡಿದರು. ನಾವಿಬ್ಬರೂ ತಾಡಪತ್ರಿಯ ಎರಡು ತುದಿ ಹಿಡಿದು ಜೋರಾಗಿ ಬೀಸಿದೆವು.

ಪಟಪಟ ಎಂದು ಅದು ಬಡಿದುಕೊಂಡಿತು. ಮಕ್ಕಳ ಗದ್ದಲ ನಿಂತುಹೋಯಿತು.

ಅಲೆ ಬಂತೆಂದು ಕಿರುಚಿ ನಗುತ್ತಾರೆ ಎಂದುಕೊಂಡಿದ್ದೆ. ಯಾರೂ ಕಿರುಚಲಿಲ್ಲ. ಪವಿತ್ರಾ ಎದ್ದಳು, ಕೆಳಗಿನ ಹಲಗೆಯಿಂದ ಪುಸ್ತಕಗಳನ್ನು ಎದೆಗವಚಿ ತೆಗೆದು ಪಕ್ಕದವನ ಕೈಗೆ ಕೊಟ್ಟಳು. ಅವನು ಮುಂದಿನವಳಿಗೆ ಕೊಟ್ಟ. ದೊಡ್ಡವನೊಬ್ಬ ಸ್ಟೂಲು ಹತ್ತಿ ಮೇಲಿನ ಹಲಗೆಗೆ ಪೇರಿಸತೊಡಗಿದ. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ನೆರೆ ಬಂದಾಗ ಹಾಕಿದ್ದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ಇವರು ಇದೇ ತಾಡಪತ್ರಿಯ ಕೆಳಗೆ, ಇದೇ ಸದ್ದು ಕೇಳುತ್ತ ಮಲಗಿದ್ದರು. ಆ ಸದ್ದಾದರೆ ನೀರು ಒಳಗೆ ಬರುತ್ತದೆ, ಮೊದಲು ಸಾಮಾನು ಮೇಲಿಡಬೇಕು. ಅಷ್ಟೇ ಅವರಿಗೆ ಗೊತ್ತಿದ್ದದ್ದು. ನನ್ನ ಕೈ ನಿಂತಿತು. ಅಕ್ಕೋರ ಕೈಯೂ ನಿಂತಿತು. ಮಕ್ಕಳ ಕೈ ನಿಲ್ಲಲಿಲ್ಲ.

ಅದೇ ಹೊತ್ತಿಗೆ ಸಾಹೇಬರು ಒಳಗೆ ಬಂದರು. ಸಾಲಾಗಿ ನಿಂತ ಮಕ್ಕಳು, ಕೈಯಿಂದ ಕೈಗೆ ಪುಸ್ತಕಗಳು. ಅವರ ಮುಖ ಅರಳಿತು. "ಭಾಳ ಚಲೋ ಮಾಡೀರಿ ಅಕ್ಕೋರ! ಪುಸ್ತಕದ ಪ್ರೀತಿ ಅಂದ್ರ ಇದು" ಎಂದು ಫೋಟೋ ತೆಗೆದರು. "ಇದನ್ನ ಮುಚ್ಚೂ ಮಾತ ಇಲ್ಲ, ಬಿಡ್ರಿ."

ಗ್ರಂಥಾಲಯ ಉಳಿಯಿತು. ತಪ್ಪು ತಿಳಿವಳಿಕೆಯಿಂದಲೇ ಇರಲಿ, ಉಳಿಯಿತಲ್ಲ! ಅಕ್ಕೋರ ಕಡೆ ನೋಡಿ ಬೇಡವೆಂದು ತಲೆಯಾಡಿಸಿದೆ. ಅವರ ಬಾಯಿಗೆ ಏನು ಬರಲಿದೆಯೆಂದು ನನಗೆ ಆಗಲೇ ಗೊತ್ತಾಗಿತ್ತು.

"ಸಾಹೇಬ್ರ, ಪ್ರೀತಿಲೆ ಎತ್ತಾಕತ್ತಿಲ್ರಿ ಇವು. ಹೊಳಿ ಬಂತು ಅಂತ ಎತ್ತಾಕತ್ತಾವು."

ಸಾಹೇಬರ ಫೋನು ಕೆಳಗಿಳಿಯಿತು.

"ಈ ಕೋಣ್ಯಾಗ ಹುಡುಗೂರ್ನ ಕೂಡಸೂದು ಬ್ಯಾಡ್ರಿ. ಮ್ಯಾಲಿನ ಪ್ಲಾಟಿನ್ಯಾಗ ಒಂದು ಜಾಗಾ ಕೊಡ್ರಿ."

"ಅಲ್ಲಿ ಜಾಗಾ ಎಲ್ಲೈತ್ರಿ ಅಕ್ಕೋರ? ಇದು ಬ್ಯಾಡ ಅಂದ್ರ ಪಕ್ಕದೂರಿಗೆ ಕೂಡಸಬೇಕಾಗ್ತೈತಿ. ವಿಚಾರ ಮಾಡಿ ಹೇಳ್ರಿ."

"ವಿಚಾರ ಮಾಡೇನ ಹೇಳೀನ್ರಿ."

ಯಲ್ಲಪ್ಪ ಕಾಕಾ ಒಳಗೆ ಬಂದು ಮೊಮ್ಮಗಳನ್ನು ಎತ್ತಿಕೊಂಡ. ಅವಳು ಪುಸ್ತಕ ಬಿಡಲಿಲ್ಲ, ಅವನು ಪುಸ್ತಕದ ಸಮೇತವೇ ಹೊರಟ. ಅಕ್ಕೋರು ಉಳಿದ ಮಕ್ಕಳಿಗೆಲ್ಲ ಗಿರಮಿಟ್ಟು ಹಂಚಿದರು.

ಪುಸ್ತಕಗಳು ಪಕ್ಕದೂರಿಗೆ ಹೋದವು. ಅಲ್ಲಿ ಮೊದಲೇ ಒಬ್ಬರು ಇದ್ದುದರಿಂದ ಅಕ್ಕೋರಿಗೆ ಕೆಲಸ ಉಳಿಯಲಿಲ್ಲ. ಗಜೇಂದ್ರಗಡದ ತಮ್ಮನ ಮನೆ ಸೇರಿದರು. ಮೇಲಿನ ಪ್ಲಾಟಿನಲ್ಲಿ ಇನ್ನೂ ಜಾಗ ಸಿಕ್ಕಿಲ್ಲ. ನಮ್ಮೂರ ಮಕ್ಕಳು ಪಕ್ಕದೂರಿಗೆ ಹೋಗುವುದಿಲ್ಲ.

ಕಳೆದ ತಿಂಗಳು ಅವರನ್ನು ನೋಡಲು ಹೋಗಿದ್ದೆ. ತಮ್ಮನ ಅರಿವೆ ಅಂಗಡಿಯ ಗಾದಿಯ ಮೇಲೆ ಕುಳಿತು ಸೀರೆ ಮಡಚುತ್ತಿದ್ದರು. ಚಹಾ ತರಿಸಿದರು. ನಾನು ಸುಮ್ಮನಿರಲಿಲ್ಲ. ಗೆದ್ದ ವಾದವನ್ನು ನೀವೇ ಬಿಟ್ಟುಕೊಟ್ಟಿರಿ, ಸಾಹೇಬರ ತಪ್ಪನ್ನು ತಿದ್ದಲು ಹೋಗಿ ಮಕ್ಕಳ ಪುಸ್ತಕ ಕಳೆದಿರಿ ಎಂದೆ.

"ಹೆದರಿಕಿಲೆ ಎತ್ತಿದ ಪುಸ್ತಕಾನ ಮರುದಿನ ಆ ಹುಡುಗೂರ ಮುಂದ ಹ್ಯಾಂಗ ತೆರೀಲಿ? ನೀನಾದ್ರ ತೆರೀತಿದ್ಯಾ?" ಅಂದರು.

ನಾನು ಚಹಾ ಮುಗಿಸಿ ಎದ್ದೆ. ಆದರೂ ಕೇಳದೆ ಬರಲಾಗಲಿಲ್ಲ.

"ಆತು ಅಕ್ಕೋರ. ಆದ್ರ ಆ ಪವಿತ್ರಾ, ಒಯ್ದ ಪುಸ್ತಕ ಓದಿ ಮುಗಿಸಿ ಇನ್ನೊಂದು ಬೇಕು ಅಂತ ಈಗ ಬಂದ್ರ, ಆಕಿಗೆ ಯಾವ ಬಾಗಿಲಾ ತೋರಸೂಣ್ರಿ?"