ಒಂದೇ ಸಂಜೆಯಲ್ಲಿ ಆರಿಸಬೇಕಾದ ವಿಭಾಗ

ದೊಡ್ಡಪ್ಪನ ಮೊಣಕಾಲು ನೋಯುತ್ತದೆಂದು ನಾನು ಎಮ್ಮೆಸ್ಸಿ ನರ್ಸಿಂಗ್‌ನಲ್ಲಿ ಮೆಡಿಕಲ್-ಸರ್ಜಿಕಲ್ ವಿಭಾಗ ತೆಗೆದುಕೊಳ್ಳಬೇಕಿತ್ತು. ಅವರ ಸೊಸೆ ಬಸುರಿ, ಹಾಗಾಗಿ ಹೆರಿಗೆ ವಿಭಾಗವಾದರೂ ನಡೆಯುತ್ತಿತ್ತು. ನನಗೆ ಯಾವುದು ಬೇಕೆಂದು ಡೊಂಬಿವಲಿಯ ನಮ್ಮ ಹಾಲ್‌ನಲ್ಲಿ ಕೂತವರು ಯಾರೂ ಕೇಳಲಿಲ್ಲ. ಕೇಳಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ, ಅದು ಬೇರೆ ಮಾತು. ನವಿ ಮುಂಬೈಯ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಮರುದಿನ ಹೋಗಿ ವಿಭಾಗ ಹೇಳಬೇಕು, ಇಲ್ಲದಿದ್ದರೆ ಸೀಟು ಇನ್ನೊಬ್ಬರ ಪಾಲು.

ದೊಡ್ಡಪ್ಪನದು ಥಾಣೆಯ ಕಾರ್ಖಾನೆಗಳ ನಡುವಿನ ವಾಗ್ಳೆ ಎಸ್ಟೇಟ್‌ನಲ್ಲಿ ಸಸ್ಯಾಹಾರಿ ಹೋಟೆಲು. ಅಪ್ಪ ಅಲ್ಲೇ ಅಡುಗೆಮನೆ ನೋಡಿಕೊಳ್ಳುತ್ತಿದ್ದುದರಿಂದ ನಮ್ಮ ಮನೆಯಲ್ಲೂ ದೊಡ್ಡಪ್ಪನದೇ ಕೊನೆಯ ಮಾತು.

"ಹೆರಿಗೆಗೆ ಯಾವತ್ತೂ ರಶ್ ಉಂಟು. ಆ ಮಾನಸಿಕದ್ದು ಮಾತ್ರ ಬೇಡ ಮಾರಾಯ್ತಿ. ಹುಚ್ಚರೊಟ್ಟಿಗೆ ಇರುವವಳನ್ನು ಯಾರು ಮದುವೆ ಆಗ್ತಾರೆ?" ಎಂದರು ದೊಡ್ಡಪ್ಪ.

ಅವರ ಮಗ ಮೊಬೈಲಿನಿಂದ ತಲೆಯನ್ನೂ ಎತ್ತದೆ, "ಅರೇ, ಕುಛ್ ಭೀ ಲೇ ಲೇ ನಾ" ಎಂದ, ಯಾವುದೋ ಒಂದು ತಗೊಂಡರಾಯಿತು ಎನ್ನುವ ಹಾಗೆ. ನನ್ನ ಮೈಯೆಲ್ಲ ಉರಿದುಹೋಯಿತು.

ನಮ್ಮ ಹೋಟೆಲಿನವರಲ್ಲಿ ಒಂದು ಕ್ರಮವಿದೆ. ಧಣಿಯ ಮಗನಾದರೂ ನೇರ ಗಲ್ಲೆಯ ಮೇಲೆ ದುಡ್ಡು ಎಣಿಸಲು ಕೂರುವಂತಿಲ್ಲ, ಮೊದಲು ಒಳಗೆ ದುಡಿದು ಬರಬೇಕು.

"ಇವನನ್ನು ಗಲ್ಲೆಗೆ ಕೂರಿಸುವ ಮೊದಲು ಎಂತ ಮಾಡಿದ್ರಿ ದೊಡ್ಡಪ್ಪ? ಗ್ರೈಂಡರ್ ಹತ್ರ ನಿಲ್ಲಿಸಿದ್ರಿ, ದೋಸೆ ಕಾವಲಿ ಹತ್ರ ನಿಲ್ಲಿಸಿದ್ರಿ, ಟೇಬಲ್ ಒರೆಸಿದ. ಇವನಿಗೆ ಇಡೀ ವರ್ಷ ಕೊಟ್ರಿ. ನನಗೆ ಒಂದು ಸಂಜೆಯಾ?"

"ಅವ ಗಂಡು. ಹೋಟೆಲು ಅವನದ್ದೇ. ನೀನು ನಾಳೆ ಬೇರೆ ಮನೆಗೆ ಹೋಗುವವಳು."

"ಹಾಗಾದ್ರೆ ನಿಮ್ಮ ಮೊಣಕಾಲಿನ ಉಸಾಬರಿ ನನಗೆ ಯಾಕೆ?"

ಅಪ್ಪ "ಸಾಕು" ಎಂದರು. ನನಗೆ ಹೇಳಿದ್ದು, ತನ್ನ ಅಣ್ಣನಿಗಲ್ಲ. ಅದನ್ನು ನಾನಿನ್ನೂ ಕ್ಷಮಿಸಿಲ್ಲ.

ಮರುದಿನ ಕಾಲೇಜಿಗೆ ಹೋಗಿ ಈ ವರ್ಷ ಸೀಟು ಬೇಡವೆಂದೆ. ವಾಪಸು ಬರುವಾಗ ಥಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುತ್ತ ಅಳು ಬಂತು. ಮತ್ತೆ ಸಿಗದಿದ್ದರೆ ಏನು ಗತಿ ಎಂದು ನಿಜಕ್ಕೂ ಹೆದರಿದ್ದೆ. ನಾನು ಕೆಲಸ ಮಾಡುತ್ತಿದ್ದ ಕಲ್ಯಾಣದ ಆಸ್ಪತ್ರೆಯಲ್ಲಿ ಮೇಟ್ರನ್ ಅವರನ್ನು ಕಾಡಿ ಬೇಡಿ, ಆ ವರ್ಷವಿಡೀ ಒಂದೊಂದೇ ವಾರ್ಡಿಗೆ ಹಾಕಿಸಿಕೊಂಡೆ. ಮಕ್ಕಳ ವಾರ್ಡು ನನಗೆ ಒಗ್ಗಲಿಲ್ಲ. ಹೆರಿಗೆ ಕೋಣೆಯಲ್ಲಿ ನೋವು ತಿನ್ನುವ ಹೆಂಗಸರನ್ನು ನಮ್ಮ ನರ್ಸುಗಳೇ ಗದರುವುದು ಕೇಳಿ ಕೇಳಿ ಎಲ್ಲರೊಡನೆ ಜಗಳವಾಡಿದೆ.

ಮಾನಸಿಕ ವಾರ್ಡಿನಲ್ಲಿ ಒಬ್ಬಾಕೆ ಊಟ ಮುಟ್ಟುತ್ತಿರಲಿಲ್ಲ, ಮಾತೂ ಇಲ್ಲ. ಒಂದು ಮಧ್ಯಾಹ್ನ ಸುಮ್ಮನೆ ಪಕ್ಕದಲ್ಲಿ ಕೂತೆ. ಬಹಳ ಹೊತ್ತಿನ ಮೇಲೆ ಆಕೆ ಚಪಾತಿ ಮುರಿದು ಅರ್ಧ ನನ್ನ ಕೈಯಲ್ಲಿಟ್ಟು, ಇನ್ನರ್ಧ ತಾನು ತಿಂದಳು. ನನ್ನ ಪಾಳಿ ಮುಗಿದದ್ದೇ ಗೊತ್ತಾಗಲಿಲ್ಲ.

ಪುಣ್ಯಕ್ಕೆ ಮುಂದಿನ ಸಲವೂ ಸೀಟು ಸಿಕ್ಕಿತು. ಮಾನಸಿಕ ವಿಭಾಗ ತೆಗೆದುಕೊಂಡೆನೆಂದು ತಿಳಿದಾಗ ದೊಡ್ಡಪ್ಪ ಕೇಳಿದರು: "ಅದರಿಂದ ನಮಗೆ ಎಂತ ಪ್ರಯೋಜನ?"

"ಎಂತದೂ ಇಲ್ಲ. ಅದಕ್ಕೇ ತಗೊಂಡೆ," ಎಂದೆ.

ಅದು ಸುಳ್ಳು. ಆದರೆ ನಿಜವಾದ ಕಾರಣ ಕೇಳುವ ಯೋಗ್ಯತೆ ಅವರಿಗಿರಲಿಲ್ಲ.