ಹನ್ನೆರಡನೆಯ ಹಾಡು

ನಾನು ಎಂದೂ ಹಾಡದ ಹಾಡೊಂದನ್ನು ನನ್ನದೇ ಧ್ವನಿ ಹಾಡುವುದನ್ನು ಮೊದಲ ಸಲ ಕೇಳಿದ್ದು ಬಸವೇಶ್ವರನಗರದ ನಮ್ಮ ಮನೆ ಹತ್ತಿರದ ಹಿಟ್ಟಿನ ಗಿರಣಿಯಲ್ಲಿ. ರಾಗಿ ಡಬ್ಬ ಕೊಟ್ಟು ಸರದಿಗೆ ಕಾಯುತ್ತ ನಿಂತಿದ್ದೆ. ಗೆಳತಿಯಿಂದ ಮೆಸೇಜು ಬಂತು: ‘ಆಲ್ಬಮ್ ರಿಲೀಸ್ ಆಯ್ತು ಕಣೇ. ಕೊನೇವರೆಗೂ ಕೇಳು.’ ಈ ಗದ್ದಲದಲ್ಲಿ ಏನು ಕೇಳೀತು ಎಂದುಕೊಂಡೇ ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡೆ.

ಆಲ್ಬಮ್ ನಮ್ಮದು. ಇಪ್ಪತ್ತೈದು ವರ್ಷದ ಹಿಂದೆ ವಿಜಯನಗರದ ಒಂದೇ ಕಾಲೇಜಿನ ನಾಲ್ವರು ಹುಡುಗಿಯರು ಸೇರಿ ಪಾಪ್ ತಂಡ ಕಟ್ಟಿದ್ದೆವು. ಟಿವಿಯಲ್ಲಿ ಹಿಂದಿ ಪಾಪ್ ಹಾಡುಗಳ ಅಬ್ಬರ ಇದ್ದ ಕಾಲ. ಕನ್ನಡದಲ್ಲಿ ಯಾಕಾಗಬಾರದು ಎಂಬ ಹುಂಬ ಧೈರ್ಯದಲ್ಲಿ ಎರಡು ಕ್ಯಾಸೆಟ್ ತಂದೆವು. ರೆಕಾರ್ಡಿಂಗ್ ನಡೆದದ್ದು ರಾಜಾಜಿನಗರದಲ್ಲಿ, ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ. ಸದ್ದು ಹೊರಗೆ ಹೋಗದಿರಲೆಂದು ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದರು. ನಮ್ಮದು ವಿಭೂತಿ ಹಚ್ಚದೆ ಕಾಫಿ ಕೂಡ ಕುಡಿಯದ ಮನೆ. ಮೊಟ್ಟೆಯ ಟ್ರೇಗಳ ನಡುವೆ ನಿಂತು ಹಾಡುತ್ತೇನೆ ಎಂಬ ಸಂಗತಿಯನ್ನು ನಾನು ಕೊನೆಯವರೆಗೂ ಅಮ್ಮನಿಗೆ ಹೇಳಲಿಲ್ಲ.

ಹಾಡುಗಳು ಹೇಗೋ ಓಡಿದವು. ಕಾಲೇಜು ಫೆಸ್ಟುಗಳಲ್ಲಿ, ಗಣೇಶನ ಪೆಂಡಾಲುಗಳಲ್ಲಿ, ಆಟೋಗಳಲ್ಲಿ ಓಡಿದವು. ನನ್ನದು ನಾಲ್ವರಲ್ಲಿ ದಪ್ಪ ಧ್ವನಿ. ‘ಗಂಡುದನಿ’ ಎಂದು ಕಾಲೇಜಿನ ಹುಡುಗರು ರೇಗಿಸುತ್ತಿದ್ದರು. ಉದ್ದನೆಯ ಸಾಲಿನ ಕೊನೆಯಲ್ಲಿ ಆ ಧ್ವನಿ ಒಂದು ಚೂರು ಒಡೆದು, ತಕ್ಷಣ ಕೂಡಿಕೊಳ್ಳುತ್ತದೆ. ತಿದ್ದಿಕೊಳ್ಳಲು ಬಹಳ ಒದ್ದಾಡಿದೆ. ನಮ್ಮ ತಂಡದ ಮುಂದಾಳು, ಈಗ ಮೆಸೇಜು ಕಳಿಸಿದ ಗೆಳತಿ, “ಅದನ್ನ ಮುಟ್ಬೇಡ, ಹಂಗೇ ಬಿಡು,” ಅಂದಳು. ಆಮೇಲೆ ಜನ ಗುರುತು ಹಿಡಿದದ್ದೂ ಅದನ್ನೇ.

ಎರಡನೆಯ ಕ್ಯಾಸೆಟ್ ಬಂದ ವರ್ಷವೇ ನನಗೆ ಮದುವೆಯಾಯಿತು. ಮಾವನವರು ದಾವಣಗೆರೆ ಕಡೆಯವರು, ನೀರಾವರಿ ಇಲಾಖೆಯಲ್ಲಿದ್ದು ನಿವೃತ್ತರಾದವರು. ಬೆಳಿಗ್ಗೆ ಪೂಜೆ, ಸಂಜೆ ಟಿವಿಯಲ್ಲಿ ವಾರ್ತೆ, ನಡುವೆ ಅಳೆದು ಸುರಿದು ನಾಲ್ಕು ಮಾತು. ಅವರು ಹಾಡು ಬಿಡಿಸಿದರು, ನಾನು ಬಿಟ್ಟೆ. ಇಪ್ಪತ್ಮೂರು ವರ್ಷ ಯಾರು ಕೇಳಿದರೂ ನಾನು ಹೇಳುತ್ತ ಬಂದದ್ದು ಇಷ್ಟೇ. ಅವರು ತೀರಿಕೊಂಡು ಎರಡು ವರ್ಷವಾದರೂ ಅದನ್ನೇ ಹೇಳುತ್ತಿದ್ದೆ.

ಹೋದ ವರ್ಷ ಅದೇ ಗೆಳತಿ ನಮ್ಮ ಮನೆಗೆ ಬಂದಳು. ಬೆಳ್ಳಿಹಬ್ಬಕ್ಕೆ ಹಳೆಯ ಹಾಡುಗಳಲ್ಲಿ ಹನ್ನೊಂದನ್ನು ಆರಿಸಿ, ಒಂದು ಹೊಸ ಹಾಡು ಸೇರಿಸಿ ಆಲ್ಬಮ್ ತರುವುದೆಂದು ಹೇಳಿದಳು. ಹಳೆಯದಕ್ಕೆ ಒಪ್ಪಿಗೆ ಪತ್ರ ತಂದಿದ್ದಳು, ಸಹಿ ಹಾಕಿಕೊಟ್ಟೆ. ಹೊಸದರಲ್ಲಿ ಹಾಡು ಎಂದು ಗೋಗರೆದಳು.

“ಇಪ್ಪತ್ತೆರಡು ವರ್ಷ ಆಯ್ತು ಕಣೇ ನಾನು ಬಾಯಿಬಿಟ್ಟು. ಗಂಟಲು ತುಕ್ಕು ಹಿಡಿದಿದೆ. ಸುಮ್ನೆ ಬಲವಂತ ಮಾಡ್ಬೇಡ,” ಅಂದೆ. ನನ್ನ ಮಗಳು ಪಕ್ಕದಲ್ಲೇ ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಒಂದು ಸಲ ತಲೆಯೆತ್ತಿ ನನ್ನನ್ನು ನೋಡಿ ಮತ್ತೆ ತಗ್ಗಿಸಿದಳು.

ಗಿರಣಿಯಲ್ಲಿ ನಾನು ನೇರವಾಗಿ ಆ ಹೊಸ ಹಾಡಿಗೇ ಹೋದೆ. ನನ್ನ ಜಾಗಕ್ಕೆ ಯಾರನ್ನು ತಂದಿದ್ದಾರೆ ಎಂಬ ಹೊಟ್ಟೆಕಿಚ್ಚು, ಸುಳ್ಳೇಕೆ ಹೇಳಲಿ. ಮೊದಲ ಚರಣ ಗೆಳತಿಯದು. ಎರಡನೆಯ ಚರಣಕ್ಕೆ ಬಂದವಳು ನಾನು.

ನಾನೇ. ಆ ದಪ್ಪ ದನಿ, ಸಾಲಿನ ಕೊನೆಯಲ್ಲಿ ಆ ಬಿರುಕು, ಮತ್ತೆ ಕೂಡಿಕೊಳ್ಳುವ ರೀತಿ. ಹಿಂದೆ ಮಾಡಿ ಇನ್ನೊಮ್ಮೆ ಕೇಳಿದೆ. ಆ ಪದಗಳು ನನ್ನ ಬಾಯಿಂದ ಎಂದೂ ಬಂದದ್ದಲ್ಲ, ಆ ರಾಗ ನಾನು ಕೇಳಿದ್ದೂ ಅಲ್ಲ. ಗಿರಣಿಯವರು, “ಆಂಟಿ, ನಿಮ್ದು ನುಣ್ಣಗೆ ಬೇಕಾ?” ಎಂದು ಕೇಳುತ್ತಿದ್ದದ್ದು ಕಾಣಿಸಿತು, ಕೇಳಿಸಲಿಲ್ಲ.

ಹೊಳೆಯಿತು. ಈಗೆಲ್ಲ ಎಐ ಬಂದಿದೆಯಲ್ಲ. ಸತ್ತವರ ಧ್ವನಿಯಲ್ಲೂ ಹಾಡಿಸುತ್ತಾರಂತೆ, ಬದುಕಿರುವವಳದ್ದು ಯಾವ ಲೆಕ್ಕ! ಸಹಿ ಹಾಕಿಸಿಕೊಂಡು ಹೋಗಿ, ಹಳೆಯ ಹಾಡುಗಳನ್ನೆಲ್ಲ ಕಂಪ್ಯೂಟರಿಗೆ ತಿನ್ನಿಸಿ, ನನ್ನ ಗಂಟಲನ್ನು ಕದ್ದಿದ್ದಾಳೆ. ಮೂಗಿನ ತುದಿಯ ಕೋಪ ನನ್ನದು, ಮೊದಲಿನಿಂದಲೂ. ರಾಗಿ ಡಬ್ಬವನ್ನು ಅಲ್ಲೇ ಬಿಟ್ಟು ಸ್ಕೂಟರ್ ಹತ್ತಿದೆ.

ಗೆಳತಿ ಇರುವುದು ರಾಜರಾಜೇಶ್ವರಿನಗರದಲ್ಲಿ. ಅಪಾರ್ಟ್‌ಮೆಂಟಿನ ಒಂದು ಕೋಣೆಯನ್ನೇ ಸ್ಟುಡಿಯೋ ಮಾಡಿಕೊಂಡು ಮಕ್ಕಳಿಗೆ ಹಾಡು ಹೇಳಿಕೊಡುತ್ತಾಳೆ. ನಾಯಂಡಹಳ್ಳಿಯ ಟ್ರಾಫಿಕ್ಕಿನಲ್ಲಿ ನಿಂತಷ್ಟೂ ಹೊತ್ತು ಅವಳಿಗೆ ಬೈಯಬೇಕಾದ್ದನ್ನು ಹೆಲ್ಮೆಟ್ಟಿನೊಳಗೆ ಅಭ್ಯಾಸ ಮಾಡಿದೆ. ಬಾಗಿಲು ತೆರೆದವಳು ನನ್ನ ಮುಖ ನೋಡಿಯೇ ಒಂದು ಹೆಜ್ಜೆ ಹಿಂದೆ ಸರಿದಳು.

“ನಾಚಿಕೆ ಆಗಲ್ವೇನೇ ನಿಂಗೆ? ನಾನು ಹಾಡಲ್ಲ ಅಂದ್ಮೇಲೂ ಮಿಷನ್ ಹತ್ರ ನನ್ನ ಧ್ವನೀಲಿ ಹಾಡಿಸಿದೀಯಲ್ಲ! ಇಪ್ಪತ್ತೈದು ವರ್ಷದ ಸ್ನೇಹ ಅಂತಾನೂ ನೋಡ್ದೆ...”

“ಯಾವ ಮಿಷನ್ನೇ?”

“ಎಐ!”

ಅವಳು ನಗುತ್ತಾಳೆಂದುಕೊಂಡೆ. ನಗಲಿಲ್ಲ, ಬಿಳಿಚಿಕೊಂಡಳು. “ನಿಂಗೆ ಇನ್ನೂ ಹೇಳಿಲ್ವಾ?” ಎಂದು ತನ್ನಷ್ಟಕ್ಕೇ ಗೊಣಗಿದಳು. “ಇವತ್ತು ಬೆಳಿಗ್ಗೆ ಹೇಳ್ತೀನಿ ಅಂದಿದ್ಲು, ನಾನು ನಂಬ್ಕೊಂಡು ಮೆಸೇಜ್ ಹಾಕ್ದೆ,” ಅಂದಳು. ಯಾರು ಎಂದು ಕೇಳಿದೆ. ಒಳಗೆ ಕರೆದುಕೊಂಡು ಹೋಗಿ ಕಂಪ್ಯೂಟರ್ ಮುಂದೆ ಕೂರಿಸಿದಳು. ಹಾಡಿನಲ್ಲಿ ಪ್ರತಿ ಧ್ವನಿಯನ್ನೂ, ಪ್ರತಿ ವಾದ್ಯವನ್ನೂ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಆಮೇಲೆ ಸೇರಿಸುತ್ತಾರೆ. ಅವಳು ಮಿಕ್ಕದ್ದನ್ನೆಲ್ಲ ಮುಚ್ಚಿ, ಒಂದೇ ಒಂದು ಧ್ವನಿಯನ್ನು ಉಳಿಸಿ, ಕತ್ತರಿಸುವುದಕ್ಕೆ ಮೊದಲು ಅದು ಹೇಗಿತ್ತೋ ಹಾಗೆಯೇ ಹಾಕಿದಳು.

ಮೊದಲು ಮೌನ. ಕುರ್ಚಿ ಎಳೆದ ಸದ್ದು. ಯಾರೋ ಗಂಟಲು ಸರಿಮಾಡಿಕೊಂಡರು. ಆಮೇಲೆ, “ಆಂಟಿ, ಇನ್ನೊಂದ್ಸಲ ಹೋಗ್ಲಾ? ಅಮ್ಮ ಆಗಿದ್ರೆ ಇಲ್ಲಿ ಇನ್ನೂ ಸ್ವಲ್ಪ ಎಳೀತಿದ್ರು.”

ನನ್ನ ಮಗಳು.

ಇಪ್ಪತ್ತೊಂದು ವರ್ಷದ ಹುಡುಗಿ. ಆಡಿಟರ್ ಆಫೀಸಿನಲ್ಲಿ ಕಲಿಯುತ್ತಿದ್ದಾಳೆ. ಶನಿವಾರ ಶನಿವಾರ ಕೆಂಗೇರಿಯ ಕಡೆ ಯಾವುದೋ ಫ್ಯಾಕ್ಟರಿಯ ಆಡಿಟ್ ಎಂದು ಟಿಫನ್ ಬಾಕ್ಸ್ ಕಟ್ಟಿಸಿಕೊಂಡು ಹೋಗುತ್ತಿದ್ದವಳು. ಚಿತ್ರಾನ್ನ ಕಟ್ಟಿಕೊಟ್ಟವಳು ನಾನೇ. ಗೆಳತಿ ನೀರು ತಂದುಕೊಟ್ಟಳು.

“ನಾನು ಅವಳನ್ನ ಕರೀಲಿಲ್ಲ ಕಣೇ. ಅವಳೇ ಬಂದ್ಲು. ಅಮ್ಮನ ಪಾರ್ಟ್ ನಾನು ಹಾಡ್ಲಾ ಅಂತ ಕೇಳಿದ್ಲು. ಬಾಯಿ ತೆಗೆದಾಗ ನಾನೂ ನಿನ್ ಥರಾನೇ ಬೆಚ್ಚಿಬಿದ್ದೆ.”

ಒಂದು ವಿಷಯ ಇಲ್ಲಿ ಹೇಳಲೇಬೇಕು. ಮಗಳು ಹತ್ತು ವರ್ಷದವಳಿದ್ದಾಗ ಟಿವಿಯ ಹಾಡಿನ ಸ್ಪರ್ಧೆಗೆ ಹೆಸರು ಕೊಡುತ್ತೇನೆ ಎಂದು ಹಟ ಹಿಡಿದಿದ್ದಳು. ನಾನು ಬೇಡ ಅಂದೆ. ಯಾಕೆಂದು ಕೇಳಿದರೆ, “ಅಜ್ಜನಿಗೆ ಇಷ್ಟ ಆಗಲ್ಲ,” ಅಂದುಬಿಟ್ಟೆ. ಅಜ್ಜನನ್ನು ನಾನು ಕೇಳಿರಲಿಲ್ಲ. ಕೇಳುವುದೇನಿದೆ, ನನಗೆ ಗೊತ್ತಿತ್ತಲ್ಲ! ಅವಳು ಮತ್ತೆಂದೂ ಹಾಡಿನ ಮಾತೆತ್ತಲಿಲ್ಲ. ಮರೆತಳು ಎಂದುಕೊಂಡಿದ್ದೆ.

ಸಂಜೆ ಆರಕ್ಕೆ ಅವಳು ಮನೆಗೆ ಬಂದಳು. ಒಂದು ಕೈಯಲ್ಲಿ ಲ್ಯಾಪ್‌ಟಾಪ್ ಬ್ಯಾಗು, ಇನ್ನೊಂದರಲ್ಲಿ ನನ್ನ ರಾಗಿ ಡಬ್ಬ.

“ಗಿರಣಿ ಅಂಕಲ್ ಕೂಗಿ ಕೊಟ್ರು. ನಿಮ್ಮಮ್ಮ ಡಬ್ಬ ಬಿಟ್ಟು ಓಡಿಹೋದ್ರು ಅಂದ್ರು,” ಎಂದು ಅದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟಳು. “ಆಂಟಿ ಫೋನ್ ಮಾಡಿದ್ರು. ಬೆಳಿಗ್ಗೆನೇ ಹೇಳ್ಬೇಕು ಅಂತಿದ್ದೆ ಅಮ್ಮ, ಧೈರ್ಯ ಬರ್ಲಿಲ್ಲ. ಬೈಯೋದಾದ್ರೆ ಬೈದ್ಬಿಡು.”

ಬೈಗುಳ ಎಲ್ಲಿ ಹೋಗಿತ್ತೋ. “ಎಲ್ಲಿ ಕಲಿತೆ ನೀನು ಹಂಗೆ ಹಾಡೋದನ್ನ?” ಎಂದಷ್ಟೇ ಕೇಳಿದೆ.

“ಮನೇಲೇ.”

“ಮನೇಲಿ ಯಾರೇ ಹಾಡ್ತಾರೆ?”

ಅವಳು ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖವನ್ನೇ ನೋಡಿದಳು. “ನೀನು,” ಅಂದಳು.

ನಮ್ಮ ಮನೆಯಲ್ಲಿ ಕಾವೇರಿ ನೀರು ದಿನ ಬಿಟ್ಟು ದಿನ, ಸಂಜೆಯ ಹೊತ್ತು ಬರುತ್ತದೆ. ಅದು ನೆಲದಡಿಯ ಸಂಪ್ ತೊಟ್ಟಿಗೆ ಬೀಳುವುದರ ಜೊತೆಗೆ ಬಚ್ಚಲುಮನೆಯಲ್ಲಿ ಒಂದು ನೇರ ನಲ್ಲಿ ಇದೆ. ಬಾಗಿಲು ಹಾಕಿಕೊಂಡು, ನಲ್ಲಿಯನ್ನು ಪೂರ್ತಿ ತಿರುಗಿಸಿ, ನೀಲಿ ಡ್ರಮ್ ತುಂಬಿಸುವುದು ಮದುವೆಯಾದಾಗಿನಿಂದ ನನ್ನ ಕೆಲಸ. ಖಾಲಿ ಪ್ಲಾಸ್ಟಿಕ್ ಡ್ರಮ್ಮಿಗೆ ನೀರು ಬೀಳುವಾಗಿನ ಸದ್ದು ಕೇಳಿದವರಿಗೆ ಗೊತ್ತು, ಪಕ್ಕದಲ್ಲಿರುವವರ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಆ ಸದ್ದಿನ ಮರೆಯಲ್ಲಿ ನಾನು ಏನಾದರೂ ಗುನುಗಿಕೊಳ್ಳುತ್ತಿದ್ದೆ. ಗುನುಗುವುದೇನು, ಹಾಡಿಕೊಳ್ಳುತ್ತಿದ್ದೆ, ಗಂಟಲು ಬಿಟ್ಟು. ಅದನ್ನು ನಾನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಯಾರಿಗೂ ಕೇಳಿಸದ್ದು ಹಾಡು ಹೇಗಾಗುತ್ತದೆ?

“ಹಾಲ್‌ಗೆ ಚೆನ್ನಾಗಿ ಕೇಳ್ಸುತ್ತೆ ಅಮ್ಮ. ಬಚ್ಚಲುಮನೆ ಕಿಟಕಿ ಹಾಲ್ ಪಕ್ಕದ ಪ್ಯಾಸೇಜ್‌ಗೇ ಇರೋದಲ್ವಾ? ನೀನು ನಲ್ಲಿ ತಿರುಗಿಸಿದ ತಕ್ಷಣ ಅಜ್ಜ ಟಿವಿ ಆಫ್ ಮಾಡ್ತಿದ್ರು. ನಾನೂ ಅವ್ರೂ ಕೂತ್ಕೊಂಡು ಕೇಳ್ತಿದ್ವಿ.”

ಟಿವಿ ಆಫ್ ಆಗುತ್ತಿದ್ದದ್ದು ನನಗೂ ಗೊತ್ತಿತ್ತು. ನೀರಿನ ವಿಷಯದಲ್ಲಿ ಮಾವನವರು ಮಹಾ ಜಿಪುಣರು, ಡ್ರಮ್ ತುಂಬಿ ಚೆಲ್ಲುತ್ತದೇನೋ ಎಂದು ಕಿವಿಗೊಟ್ಟು ಕೂರುತ್ತಾರೆ ಎಂದು ನಾನು ತಿಳಿದಿದ್ದೆ. “ಡ್ರಮ್ ತುಂಬ್ತು ನೋಡಮ್ಮ,” ಎಂದು ಹೊರಗಿನಿಂದ ಅವರ ಕೂಗು ಬಂದೇ ಬರುತ್ತಿತ್ತು. ಆದರೆ ಅದು ಬರುವಷ್ಟರಲ್ಲಿ ನೀರು ಉಕ್ಕಿ ನನ್ನ ಪಾದ ನೆನೆದಿರುತ್ತಿತ್ತು. ವಯಸ್ಸಾಯಿತು, ಕಿವಿ ಮಂದ ಎಂದು ಮನಸ್ಸಿನಲ್ಲೇ ನಕ್ಕಿದ್ದೆ. ನೀರಾವರಿಯಲ್ಲಿ ಇಡೀ ಜೀವನ ಕಳೆದ ಮನುಷ್ಯ, ಒಂದು ಚೊಂಬು ನೀರು ಚೆಲ್ಲಿದರೆ ಮುಖ ಗಂಟಿಕ್ಕುವವರು, ಹಾಡು ಮುಗಿಯುವವರೆಗೆ ಡ್ರಮ್ ಚೆಲ್ಲಲು ಬಿಡುತ್ತಿದ್ದರು.

ನಾನು ಅಡುಗೆಮನೆಯ ನೆಲದ ಮೇಲೇ ಕೂತೆ. ಮಗಳೂ ಪಕ್ಕದಲ್ಲಿ ಕೂತಳು.

“ಆ ಕಾಂಪಿಟಿಷನ್ನಿಗೆ ನೀನು ಬೇಡ ಅಂದಾಗ ನಾನು ಅಜ್ಜನ ಹತ್ರಾನೇ ಹೋಗಿ ಕೇಳಿದ್ದೆ. ‘ನಂದೇನೂ ತಕರಾರಿಲ್ಲವ್ವಾ, ನಿಮ್ಮಮ್ಮಗ ಹಾಡಂದ್ರ ಬ್ಯಾಡಾಗೈತಿ. ಮದುವಿಗೆ ಮುಂಚೇನ ಬಿಟ್ಟೀನಿ ಅಂದಿದ್ಲು. ಏನು ನೋವೈತೋ ಏನೋ, ಕೆದಕಬ್ಯಾಡ’ ಅಂದ್ರು.”

ಆಗ ನೆನಪಾಯಿತು, ಹೆಣ್ಣು ನೋಡುವ ದಿನ ಮಾವನವರು ನಿಜವಾಗಿ ಆಡಿದ ಮಾತು. ಅವಲಕ್ಕಿ ತಟ್ಟೆಯನ್ನು ಕೈಯಲ್ಲಿ ಹಿಡಿದುಕೊಂಡೇ, “ಸ್ಟೇಜ್ ಪ್ರೋಗ್ರಾಮು ಈಗ್ಲೂ ಮಾಡ್ತೀಯೇನಮ್ಮಾ?” ಎಂದು ಕೇಳಿದ್ದರು. ಅಷ್ಟೇ. ಪಕ್ಕದಲ್ಲಿ ಅಮ್ಮ ತೊಡೆ ಚಿವುಟಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, “ಇಲ್ಲ, ಬಿಟ್ಬಿಟ್ಟೆ,” ಅಂದವಳು ನಾನು. ಅವರು ಕೇಳಿದ ಪ್ರಶ್ನೆಯನ್ನು ಅಪ್ಪಣೆ ಮಾಡಿಕೊಂಡು, ಇಪ್ಪತ್ಮೂರು ವರ್ಷ ಅದನ್ನು ಅವರ ತಲೆಗೇ ಕಟ್ಟಿ, ನಡುವೆ ಅವರ ಹೆಸರಿನಲ್ಲೇ ನನ್ನ ಮಗಳ ಬಾಯನ್ನೂ ಮುಚ್ಚಿಸಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುತ್ತಾರಲ್ಲ, ನಮ್ಮ ಮನೆಯ ಆ ಪೂಜಾರಿ ನಾನೇ. ಕ್ಷಮೆ ಕೇಳೋಣವೆಂದರೆ ಮಾವನವರಿಲ್ಲ.

ಹಾಲ್‌ನಲ್ಲಿ ಗಂಡ ಮೊಬೈಲ್ ನೋಡುತ್ತ ಕೂತಿದ್ದರು. ಎದ್ದು ಹೋಗಿ ಅವರೆದುರು ನಿಂತೆ.

“ನಿಮ್ಗೂ ಗೊತ್ತಿತ್ತಾ?”

“ಗೊತ್ತಿಲ್ದೆ ಏನು? ಆ ಟಿವಿ ಆಫ್ ಮಾಡೋದ್ರಲ್ಲಿ ನಂಗೆ ಎಷ್ಟು ಮ್ಯಾಚ್ ತಪ್ಪಿದೆ,” ಅಂದರು.

“ಒಂದಿನಾನಾದ್ರೂ ಹೇಳಬಾರ್ದಿತ್ತಾ ನಂಗೆ?”

ಅವರು ಮೊಬೈಲ್ ಕೆಳಗಿಟ್ಟರು. “ಅಪ್ಪ ಹೇಳ್ಬೇಡ ಅಂದಿದ್ರು. ಗೊತ್ತಾದ್ರೆ ಅದನ್ನೂ ನಿಲ್ಲಿಸ್ಬಿಡ್ತಾಳೆ ಅಂತ.”

ಮಗಳಿಗೆ ಆ ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದೆ, ಶನಿವಾರ ಇನ್ನು ಮೇಲೆ ಫ್ಯಾಕ್ಟರಿಯ ಸುಳ್ಳು ಬೇಡ, ಸ್ಟುಡಿಯೋಗೆ ಅಂತಲೇ ಹೇಳಿ ಹೋಗು. ಅವಳು ಮುದ್ದೆ ಮುರಿಯುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಹನ್ನೆರಡನೆಯ ಹಾಡಿನಲ್ಲಿ ನಿನ್ನ ಹೆಸರು ಹಾಕಿಸು ಎಂದೂ ಹೇಳಿದೆ. ಅಲ್ಲಿ ಬರೀ ತಂಡದ ಹೆಸರಿತ್ತು, ಕೇಳಿದವರೆಲ್ಲ ನಾನೇ ಎಂದುಕೊಳ್ಳುತ್ತಿದ್ದರು. ಮೊದಲ ದಿನವೇ ಹಳೆಯ ಪರಿಚಯದವರು ಮೂರು ಜನ ಮೆಸೇಜು ಕಳಿಸಿದ್ದರು, ನಿಮ್ಮ ಧ್ವನಿಗೆ ಒಂಚೂರೂ ವಯಸ್ಸೇ ಆಗಿಲ್ಲ ಎಂದು.

ಮಾರನೆಯ ಸಂಜೆ ನೀರು ಬಂತು. ಎಂದಿನಂತೆ ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದೆ. ಡ್ರಮ್ ದಡದಡ ಎಂದಿತು. ಹಾಲ್‌ನಲ್ಲಿ ಅದುವರೆಗೆ ಕೇಳಿಸುತ್ತಿದ್ದ ವಾರ್ತೆಯ ದನಿ ನಿಂತುಹೋಯಿತು.

ಬಾಯಿ ತೆರೆದೆ. ಏನೂ ಹೊರಡಲಿಲ್ಲ. ಇಪ್ಪತ್ಮೂರು ವರ್ಷ ದಿನ ಬಿಟ್ಟು ದಿನ ಹಾಡಿದ ಗಂಟಲು, ಆಚೆ ಇಬ್ಬರು ಕೂತಿದ್ದಾರೆಂದು ತಿಳಿದದ್ದೇ ತಡ, ಬೀಗ ಹಾಕಿಕೊಂಡಿತು. ಮಾವನವರು ನನ್ನನ್ನು ಎಷ್ಟು ಚೆನ್ನಾಗಿ ಬಲ್ಲವರಾಗಿದ್ದರು! ಡ್ರಮ್ ತುಂಬಿತು. ನೀರು ಅಂಚು ದಾಟಿ ನನ್ನ ಪಾದದ ಮೇಲೆ ಬಿದ್ದು ಹರಿಯತೊಡಗಿತು. ತುಂಬಿತು ನೋಡಮ್ಮ ಎಂದು ಯಾರೂ ಕೂಗಲಿಲ್ಲ.

“ಟಿವಿ ಹಾಕ್ರೀ!” ಎಂದು ಒಳಗಿನಿಂದ ಕಿರುಚಿದೆ.

ಯಾರೂ ಹಾಕಲಿಲ್ಲ.